ಮುಷ್ಟಿ ಅಳತಿ

ನಿಗದಿ ದಾಟಿ, ಕೆರಿ ಏರಿ ಇಳಿದ ಮ್ಯಾಲೆ
ಎಡಕ್ಕ ಮೂರೆಕರೆ ಮಸಾರಿ.
ಹೊನ್ನಿ ಇನ್ನೂರಾ ಎಂಬತ್ತು, ಬೀಟಿ ನೂರಾ ಹತ್ತು,
ಬದುವಿಗೆ ಮತ್ತಿ; ಅದರ ಲೆಕ್ಕ ಇಟ್ಟಿಲ್ಲ.

ಮೊದಲನೇ ವರ್ಷ, ಮಿರಗದ ಮಳಿ ಬಿದ್ದ ಎಂಟನೇ ದಿನ
ಸೊಸೈಟಿಯಿಂದ ಯೂರಿಯಾ ಚೀಲ ಹೊತ್ತು ತಂದೆ.
ಗಿಡಕ್ಕ ಐವತ್ತು ಗ್ರಾಂ ಅಂದಿದ್ರು.
ಹೊಲದಾಗ ತಕ್ಕಡಿ ಎಲ್ಲಿಂದ ತರೂದು?
ಒಂದೊಂದು ಮುಷ್ಟಿ ಹಾಕ್ರಿ, ಅಂದುಬಿಟ್ಟೆ,
ಮುಷ್ಟಿ ಅನ್ನೂದು ಎಲ್ಲಾರಿಗೂ ಒಂದ ಅಳತಿ ಅನ್ನೂವಂಗ.
ಬುಡಕ್ಕ ಬ್ಯಾಡ, ಸುಡತೈತಿ,
ಗೇಣು ದೂರ, ಸುತ್ತಲೂ, ಬಳಿ ತೊಡಿಸಿದಂಗ.

ಕೂಲಿಗೆ ಬಂದವರು ಮೂವರು.
ಮಾಬೂಬಿದು ತುಂಬು ಮುಷ್ಟಿ,
ರೊಟ್ಟಿ ಹಿಟ್ಟು ಹಿಡಿದಂಗ ಒತ್ತಿ ಹಿಡಿಯಾಕಿ.
ದ್ಯಾಮಣ್ಣನ ಬಲಗೈಗೆ ಎರಡು ಬೆರಳಿಲ್ಲ,
ಮೇವು ಕತ್ತರಿಸೂ ಮಷೀನಿಗೆ ಹೋಗಿದ್ದು;
ಸಂದಿಯಿಂದ ಕಾಳು ಉದುರಿ ಉದುರಿ
ಗಿಡದಿಂದ ಗಿಡಕ್ಕ ಒಂದು ಬಿಳೀ ಹಾದಿ.
ನೀಲಗಂಗಾ ಮಾತ್ರ
ಚಿಟಿಕಿಗಿಂತ ಚೂರು ಹೆಚ್ಚು, ಅಷ್ಟ.
ಜುಗ್ಗಿ, ಅಂದ್ಕೊಂಡೆ ನಾ,
ರೊಕ್ಕ ತನ್ನ ಸೆರಗಿನ ಗಂಟಿಂದ ಬಿಚ್ಚೂವಾಕಿಯಂಗ.

ಮೂರು ವರ್ಷಕ್ಕ ಸಾಲು ಸಾಲಿಗೂ ಕೈ ಕಾಣಿಸ್ತು.
ಮಾಬೂಬಿ ಸಾಲು ನನ್ನ ತಲಿ ಮುಟ್ಟಿ
ತನ್ನ ತೂಕ ತಾನ ತಾಳದ ಬಾಗಿತ್ತು,
ಗಿಡಕ್ಕೊಂದು ಬಿದಿರ ಕೋಲು ಕಟ್ಟಬೇಕಾತು.
ಜಿಂಕಿ ಬಂದು ಮೊದಲು ಬಾಯಿ ಹಾಕಿದ್ದೂ ಅಲ್ಲೇ,
ಎಳೀ ಎಲಿ, ರಸ ತುಂಬಿದ್ದು, ಬಿಟ್ಟಾವ?
ದ್ಯಾಮಣ್ಣನ ಹಾದಿಯಾಗ ಗಿಡಕ್ಕಿಂತ ಕರಿಕಿ ಜೋರು.
ನೀಲಗಂಗಾನ ಸಾಲು ನಡುಮಟ್ಟ,
ಬೆತ್ತದಂಗ, ನೆಟ್ಟಗ.

ಕುರಪಿ ಹಾಕಿ ಬೇರು ಬಿಡಿಸಿ ನೋಡಿದೆ.
ಆಕಿ ಹೊನ್ನಿ ಬೇರಿನ ತುಂಬ ಸಾಸಿವಿಯಷ್ಟು ಗಂಟು,
ಉಗುರಿಲೆ ಒಡದ್ರ ಒಳಗ ನಸುಗೆಂಪು.
ಗಾಳಿಯಾಗಿನ ಸತ್ವ ಹಿಡಿದು ತಾನ ಅಡಗಿ ಮಾಡ್ಕೊಳ್ಳೂ ಗಿಡ ಇದು.
ಮಾಬೂಬಿ ಸಾಲಿನ್ಯಾಗ
ನಾಕೈದು ಗಂಟು, ಅವೂ ಬಿಳಚಿ.
ದಿನಾ ತಾಟು ಮುಂದ ಬಂದ್ರ
ಯಾರು ಒಲಿ ಹಚ್ಚತಾರ?

ಕಲಘಟಗಿಯಿಂದ ಮೌನೇಶಪ್ಪ ಬಡಿಗೇರ ಬಂದಿದ್ದ,
ತೊಟ್ಟಿಲ ಮಾಡಾಂವ. ಹೆಬ್ಬೆರಳು ತೊಗಟಿಗೆ ಒತ್ತಿ
ಬಾಳ ಹೊತ್ತು ಸುಮ್ಮನ ನಿಂತ.
"ಸಾಗವಾನಿಯಾಗಾದ್ರ ವರ್ಷದ ಸುತ್ತು ಕಣ್ಣಿಗೆ ಕಾಣತೈತಿ,
ಹೊನ್ನ್ಯಾಗ ಕೀಸುಳಿಗೆ ಗೊತ್ತಾಗತೈತಿ.
ಮೆತ್ತನ್ನ ವರ್ಷ ಬಂತಂದ್ರ ಕೈ ಜಾರತೈತಿ.
ಗಿಡಾ ನೀ ಇಟ್ಕೋ ತಮ್ಮಾ.
ನನಗ ಬೇಕಾದದ್ದು ಗಿಡದ ಸಾವಕಾಶ."
ಅರವತ್ತು ವರ್ಷದ ಮಾತು ಅದು.
ಅಂವಗ ಈಗಾಗಲೇ ಎಪ್ಪತ್ತು.

ಈ ಸಲ ಯೂರಿಯಾ ತರಲಿಲ್ಲ.
ಗಿಡಕ್ಕ ಅರ್ಧ ಬುಟ್ಟಿ ತಿಪ್ಪಿ ಗೊಬ್ಬರ, ಒಂದಿಷ್ಟು ಸೂಪರ್ ಫಾಸ್ಫೇಟ್,
ತೋಳು ಚಾಚಿದಷ್ಟು ಸುತ್ತಲೂ ಕರಿಕಿ ಕಿತ್ತು.
(ಬೀಟಿ ಮಾತ್ರ ಏನು ಹಾಕಿದ್ರೂ, ಏನು ಹಾಕದಿದ್ರೂ
ಅದ ಗೇಣು. ಅದರ ಸಿಟ್ಟು ಏನಂತ ನನಗ ತಿಳಿದಿಲ್ಲ.)

ಪಂಚಮಿಗೆ ನೀಲಗಂಗಾ ಬಂದಳು,
ಮಿಶ್ರಿಕೋಟಿಗೆ ಕೊಟ್ಟಾರ ಆಕಿನ್ನ.
ಬದುವಿನ ಮ್ಯಾಲೆ ನಿಂತು ಸಾಲು ಎಣಿಸಿ
"ಇದ ಅಲ್ರಿ ನಂದು?" ಅಂದಳು.
ಹೌದವಾ, ನಿನ್ನ ಜುಗ್ಗತನ ನನ್ನ ಗಿಡ ಉಳಿಸಿತು,
ಅಂತ ನಕ್ಕೆ.
ಆಕಿ ನಗಲಿಲ್ಲ.
"ಕಳೆ ತಗಿಯೂವಾಗ ಅಂಗೈ ಕೊಯ್ದಿತ್ತ್ರಿ ಅವತ್ತ.
ಗೊಬ್ಬರ ತಾಗಿದ್ರ ಉರೀತಿತ್ತು.
ಹೇಳಿದ್ರ ಪಗಾರ ಹಿಡೀತಿದ್ರಿ."

ಹೊನ್ನಿ ತೊಗಟಿ ಗೀರಿದ್ರ
ನೆತ್ತರದಂಗ ಅಂಟು ಒಸರತೈತಿ,
ಯಾರಾದ್ರೂ ಬಂದ್ರ ಗೀರಿ ತೋರಿಸೂದು ನನ್ನ ಚಟ.
ಅವತ್ತ ಕೈಯಾಗ ಚೂರಿ ಇತ್ತು.
ಮಡಿಚಿ ಕಿಸೇಕ ಇಟ್ಕೊಂಡೆ.