ಸುಳ್ಳು ಕುದಿ

ರಾತ್ರಿ ಎರಡೂವರೆ. ಕೀಲುಂಗ್ ಬಂದರಿನಲ್ಲಿ
ಮೀನಿನ ಹರಾಜು ಇನ್ನೂ ಗಂಟಲು ಬಿಚ್ಚಿಲ್ಲ.
ನೆನೆದ ಸೋಯಾ ಕಾಳು ಬಕೆಟ್ಟಿನಲ್ಲಿ ಉಬ್ಬಿ
ಒಂದರ ಹೆಗಲಿಗೊಂದು ಒರಗಿ ಮಲಗಿದೆ.
ಎಬ್ಬಿಸುತ್ತೇನೆ. ಕಲ್ಲು ತಿರುಗುತ್ತದೆ.

ಬಟ್ಟೆಯಲ್ಲಿ ಸೋಸಿ, ಹಿಂಡಿ, ಹಂಡೆಗೆ ಸುರಿದರೆ
ಎಂಬತ್ತು ಡಿಗ್ರಿಗೇ ಎದ್ದು ಬರುತ್ತದೆ ನೊರೆ,
ಕರೆಯದೆ ಬಂದ ನೆಂಟರ ಹಾಗೆ, ಅಂಚು ದಾಟಿ.
ನೋಡಿದವರು ಕುದಿಯಿತು ಅನ್ನುತ್ತಾರೆ.
ಕುದ್ದಿಲ್ಲ.
ಇದಕ್ಕೆ ನಮ್ಮ ಕಸುಬಿನಲ್ಲಿ ಹೆಸರೇ ಇದೆ: ಸುಳ್ಳು ಕುದಿ.
ಆಗಲೇ ಇಳಿಸಿ ಕುಡಿಸಿದರೆ
ಗಂಟಲು ಕೆರೆದು, ಹೊಟ್ಟೆ ತೊಳಸಿ,
ಬೆಳಗಾಗುವುದರೊಳಗೆ ಬೀದಿಗೆ ಬೀದಿಯೇ ವಾಂತಿ.
ಅತ್ತೆ ಅ-ಬಾನ್ ಸೌಟು ನನ್ನ ಕೈಗಿಟ್ಟ ದಿನ
ಹೇಳಿದ್ದು ಇಷ್ಟೇ:
"ಉಕ್ಕುವುದನ್ನು ನಂಬಬೇಡ.
ನೊರೆ ತಗ್ಗಿದ ಮೇಲೆ ಇನ್ನೂ ಹತ್ತು ನಿಮಿಷ ನಿಂತುಕೋ."

ನಾಲ್ಕಕ್ಕೆ ಬರುತ್ತಾರೆ, ರಬ್ಬರ್ ಬೂಟಿನವರು,
ಹುಬ್ಬಿನಲ್ಲಿ ಮೀನಿನ ಪೊರೆ ಮಿಂಚುತ್ತ.
ಬಟ್ಟಲಿಗೆ ವಿನಿಗರ್, ಒಣ ಸೀಗಡಿ, ಈರುಳ್ಳಿ ಸೊಪ್ಪು.
ಹಾಲಿಗೆ ಹುಳಿ ಹಿಂಡುವುದೇ ನನ್ನ ಜೀವನ;
ಒಡೆದ ಬಿಳಿ ತುಣುಕುಗಳ ಮೇಲೆ
ಖಾರದೆಣ್ಣೆಯ ಕೆಂಪು ಕಣ್ಣು.

ಹರಾಜುಗಾರ ಕಿಮ್-ಚುನ್‌ಗೆ ಹಸುವಿನ ಹಾಲೆಂದರೆ
ಹೊಟ್ಟೆಯಲ್ಲಿ ಗುಡುಗು. ಇದು ತಣ್ಣಗೆ ಕೂರುತ್ತದೆ.
ರಕ್ತಪರೀಕ್ಷೆಯ ಚೀಟಿ ತಂದು
ಕೊಲೆಸ್ಟರಾಲ್ ಇಳಿದ ಲೆಕ್ಕವನ್ನು
ಮೀನು ಕೂಗುವ ದನಿಯಲ್ಲೇ ಕೂಗಿದ.
ಹಂದಿಕೊಬ್ಬು ಬಿಟ್ಟದ್ದನ್ನು ಮಾತ್ರ ಕೂಗಲಿಲ್ಲ.
ಪುಣ್ಯವೆಲ್ಲ ನನ್ನ ಹಂಡೆಗೇ ಬಂತು.
ಬೇಡ ಅನ್ನಲಿಲ್ಲ ನಾನು.

ಟೀಚರ್ ಯೋಕ್-ಹೋ ಒಂದು ವರ್ಷ ಬರಲೇ ಇಲ್ಲ.
ಎಡ ಮೊಲೆ ತೆಗೆದಿದ್ದರು.
ಈ ಕಾಳಿನಲ್ಲಿ ಹೆಂಗಸರ ಹಾರ್ಮೋನಿದೆ, ಹುಷಾರು,
ಎಂದು ಯಾರೋ ಕಿವಿ ಕಚ್ಚಿದ್ದರು.
ಡಾಕ್ಟರು ಹೇಳಿದ್ದೇ ಬೇರೆ: ಕಾಳಿನದು ಅದರ ನೆರಳಷ್ಟೇ;
ದಿನಕ್ಕೊಂದು ಬಟ್ಟಲಿಗೆ ಅಂಜಬೇಡಿ,
ಅದರ ಸತ್ವದ ಮಾತ್ರೆ ಮಾತ್ರ ನುಂಗಬೇಡಿ.
ಆದರೆ ಹೆದರಿಕೆಗೆ ಓದು ಬರಹ ಬರುವುದಿಲ್ಲವಲ್ಲ.
ಮೊನ್ನೆ ಬಂದು ಅದೇ ಮೂಲೆಯ ಸ್ಟೂಲಿನಲ್ಲಿ ಕೂತು
ಎರಡು ಕೈಯಲ್ಲೂ ಬಟ್ಟಲು ಹಿಡಿದು
ಆರುವ ತನಕ ನೋಡಿದರು.
ಅರ್ಧ ಕುಡಿದರು.
ಪೂರ್ತಿ ದುಡ್ಡು ಕೊಟ್ಟರು.

ನನ್ನ ಕತ್ತಿನಲ್ಲೊಂದು ಹೊಲಿಗೆಯ ಗೆರೆ. ಥೈರಾಯಿಡ್.
ನಾಲ್ಕಕ್ಕೆ ಮಾತ್ರೆ; ಎಂಟರವರೆಗೆ
ನನ್ನ ಹಾಲು ನನಗೇ ನಿಷಿದ್ಧ.
ಔಷಧಿಯನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ.
ಅಷ್ಟರಲ್ಲಿ ತಳದ ಸೀಕಲು, ಮೇಲಿನ ಕೆನೆ,
ಅದೇ ನನ್ನ ಪಾಲು.

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರೆ, ನಿಜ.
ಇದರಲ್ಲಿ ಮೂಳೆಗೆ ಬೇಕಾದ ಸುಣ್ಣ ಕಡಿಮೆ;
ಪ್ಯಾಕೆಟ್ಟಿನವರು ಬೆರೆಸುತ್ತಾರೆ, ನಾನು ಬೆರೆಸುವುದಿಲ್ಲ.
ಅ-ಬಾನ್ ನಲವತ್ತು ವರ್ಷ ಇದನ್ನೇ ಕುಡಿದು
ಕುಡುಗೋಲಿನಂತೆ ಬಾಗಿ ಹೋದಳು.
ಹಾಲಿನದೇ ತಪ್ಪು ಎನ್ನಲಾರೆ.
ಕಾಳಿನ ಮೂಟೆ ಹೊತ್ತವಳೂ ಅವಳೇ.

"ನೂರು ರೋಗಕ್ಕೆ ಒಂದೇ ಬಟ್ಟಲು"
ಬೋರ್ಡು ಬರೆಸಿ ತಂದ ತಮ್ಮನ ಮಗ.
ಅದನ್ನು ತಿರುಗಿಸಿ ಬೆನ್ನ ಮೇಲೆ ದರಪಟ್ಟಿ ಬರೆದೆ.

ಯಾಕೆಂದರೆ ಪಿನ್-ಶಿ.
ಮೊಮ್ಮಗಳಿಗೆ ಆಗ ಎಂಟು ತಿಂಗಳು.
ಚೆನ್ನಾಗಿ ಕುದ್ದದ್ದೇ, ಆರಿಸಿದ್ದೇ, ಒಂದೇ ಚಮಚ.
ತುಟಿ ಊದಿತು, ಕಣ್ಣು ಮುಚ್ಚಿತು,
ಉಸಿರು ಸಿಳ್ಳೆ ಹಾಕಿತು.
ಆಂಬುಲೆನ್ಸಿನಲ್ಲಿ ಸೊಸೆ ಏನೂ ಅನ್ನಲಿಲ್ಲ.
ಚಮಚ ಇನ್ನೂ ನನ್ನ ಮುಷ್ಟಿಯಲ್ಲಿತ್ತು.

ಈಗವಳಿಗೆ ಆರು. ಏಳು ಗಂಟೆಯ ಎರಡನೇ ಹಂಡೆಯ ಹೊತ್ತಿಗೆ
ಬೀದಿಯಾಚೆ ಮೆಟ್ಟಿಲ ಮೇಲೆ ಶಾಲೆಯ ಚೀಲದೊಂದಿಗೆ ಕೂರುತ್ತಾಳೆ,
ಕೈಯಲ್ಲಿ ಅಕ್ಕಿ ಗಂಜಿಯ ಲೋಟ.
ಹಬೆ ತಾಗದಷ್ಟು ದೂರ, ಕೂಗಿದರೆ ಕೇಳುವಷ್ಟು ಹತ್ತಿರ.
ನೊರೆ ಏರುವುದು ಅವಳಿಗೇ ಮೊದಲು ಕಾಣುತ್ತದೆ.
"ಅಜ್ಜೀ, ಉಕ್ಕಿತು!"

"ಇನ್ನೂ ಇಲ್ಲ ಮಗಾ" ಎಂದು
ಸೌಟು ಆಡಿಸುತ್ತ ನಿಂತುಕೊಳ್ಳುತ್ತೇನೆ.