ದಳ: ಇಲ್ಲ

ತಿತಿಮತಿ ದಾಟಿ, ಆನೆಕಂದಕದ ಪಕ್ಕ.
ಫೆಬ್ರವರಿಯ ಬಿಸಿಲಲ್ಲಿ ಬೆಂಕಿರೇಖೆ ಸವರುವವರ ಹಿಂದೆ
ನಾನು, ನಮೂನೆಯ ಹಾಳೆ,
ಗಿಡ ಒತ್ತಲು ಹಳೆಯ ಪತ್ರಿಕೆಗಳ ಕಟ್ಟು.

ಸ್ವಭಾವ: ಏರುವ ಪೊದೆ.
ಮತ್ತಿಮರವನ್ನು ನಂಬಿ ಅಷ್ಟೆತ್ತರ ಹೋಗಿ
ಅಲ್ಲಿ ಮನಸ್ಸು ಬದಲಿಸಿ ಜೋತುಬಿದ್ದಿದೆ.
ಎಳೆಯ ಕೊಂಬೆಗೆ ತುಕ್ಕಿನ ಬಣ್ಣದ ತುಪ್ಪುಳು.
ಎಲೆ ಎದುರುಬದುರು,
ಅಡಿಯಲ್ಲಿ ಮುಟ್ಟಿದರೆ ಕರುವಿನ ಕಿವಿ.

ಹೂ: ಗೊಂಚಲು, ನಸುಹಸಿರು.
ಪುಷ್ಪಪತ್ರ ಐದು. ಕೇಸರ ಹತ್ತು, ಎರಡು ಸುತ್ತು.
ದಳ
ಅಲ್ಲಿಗೆ ಪೆನ್ಸಿಲ್ ನಿಂತಿತು.
ಮಸೂರ ಒರೆಸಿ ನೋಡಿದೆ. ಇನ್ನೊಂದು ಹೂ ಬಿಡಿಸಿದೆ, ಮತ್ತೊಂದು.
ಜೇನುಹುಳ ಏನನ್ನೂ ವಿಚಾರಿಸದೆ
ಒಳಗೆ ಹೋಗಿ ಬರುತ್ತಿತ್ತು.

ಚುಬ್ರ ಕತ್ತಿ ಊರಿ ನಿಂತ.
"ಅದಕ್ಕೆ ಒಂದೇ ಜೊತೆ ಬಟ್ಟೆ ಅಕ್ಕಾ.
ಮದುವೆಗೂ ಅದೇ, ದಾರಿ ನಡೆಯಲಿಕ್ಕೂ ಅದೇ.
ಏಪ್ರಿಲಿಗೆ ಬಂದು ನೋಡಿ."

ಬಳ್ಳಿ ರೇಖೆಗೆ ಅಡ್ಡವಿತ್ತು, ಕಡಿಯಲೇಬೇಕು.
ಮೊದಲು ಮೇಲೆ ಕಡಿದ, ಆಮೇಲೆ ಕೆಳಗೆ,
"ಹಿಂದುಮುಂದಾದರೆ ನೀರು ಮರದ ಕಡೆ ಓಡ್ತದೆ."
ತೋಳುದ್ದದ ತುಂಡು ನನ್ನ ಬಾಯಿಗೆ ಬಗ್ಗಿಸಿದ.
ತಣ್ಣಗೆ, ಒಂಚೂರು ಒಗರು,
ಗಲ್ಲದಿಂದ ಇಳಿದು ಹಾಳೆಯ ಅಂಚು ಒದ್ದೆ.

ಸ್ಥಳೀಯ ಹೆಸರು:
ಸುಳ್ಯದಿಂದ ಬಂದ ಅಡುಗೆಯ ಲೋಕಮ್ಮ ಎಂಜಿರ ಅಂದಳು.
ಕುಟ್ಟದ ಜೀಪಿನ ಕುಂಞಾಲಿ ಪುಲ್ಲಾನಿ ಅಂದ.
ನಿಮ್ಮಲ್ಲಿ? ಚುಬ್ರನನ್ನು ಕೇಳಿದೆ.
"ನಮ್ಮಜ್ಜಿ ಒಂದು ಹೆಸರಲ್ಲಿ ಕರೀತಿದ್ದಳು.
ಬಾಯಾರಿದಾಗ ಮಾತ್ರ ಕರೆಯೋದು.
ಈಗ ಕುಡಿದಾಯ್ತಲ್ಲ."

ಏಪ್ರಿಲಿಗೆ ಹೋದೆ.
ರೇಖೆ ಸುಟ್ಟು ಕಪ್ಪಾಗಿತ್ತು, ಚುಬ್ರ ರಜೆಯಲ್ಲಿದ್ದ.
ಕಡಿದದ್ದರ ಆಚೆ ಉಳಿದ ಬಳ್ಳಿಯಿಂದ
ಅದೇ ಐದು ಪುಷ್ಪಪತ್ರ, ಹಸಿರು ಹೋಗಿ
ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ಬಂದು, ಕಾಗದದಷ್ಟು ಒಣಗಿ,
ನಡುವೆ ಗೋದಿಕಾಳಿನಂಥ ಕಾಯಿ ಹೊತ್ತು
ತಿರುಗುತ್ತ, ತಿರುಗುತ್ತ
ಬೆಂಕಿ ದಾಟಬಾರದೆಂದು ಎಳೆದ ಗೆರೆಯನ್ನು
ದಾಟುತ್ತಿದ್ದವು.
ಒಂದು ನನ್ನ ಜಡೆಯಲ್ಲಿ ಕೂತು
ಗೋಣಿಕೊಪ್ಪಲಿನವರೆಗೆ ಟಿಕೆಟ್ಟಿಲ್ಲದೆ ಬಂತು.

ದಳ: ಇಲ್ಲ, ಎಂದು ಬರೆದು ಹಾಳೆ ಕಳಿಸಿದೆ.

ಕಚೇರಿಯಿಂದ ಅದು ಹಿಂದಿರುಗಿ ಬಂದಿದೆ.
ಒದ್ದೆಯಾಗಿ ಒಣಗಿದ ಅಂಚಿನ ಹತ್ತಿರ
ಕೆಂಪು ಶಾಯಿಯಲ್ಲಿ: ಹೊರಗಿನವರ ಹೆಸರು ಬೇಡ,
ಅಲ್ಲಿಯದೇ ಬೇಕು.

ಬೆಳಿಗ್ಗೆ ಆರರ ಬಸ್ಸಿಗೆ ಹೊರಟಿದ್ದೇನೆ.
ಚೀಲದಲ್ಲಿ ಹಾಳೆ, ಪೆನ್ಸಿಲ್, ಮಸೂರ.
ನೀರಿನ ಬಾಟಲಿಯನ್ನು
ಮೇಜಿನ ಮೇಲೇ ಬಿಟ್ಟೆ.