ಹನ್ನೆರಡನೇ ತಿಂಗಳು

ಕರಾರು ಪತ್ರ ಓದಿ ಹೇಳಿದೆ ರಾಚಮ್ಮಗ:
ಶಹಾಬಜಾರದಾಗ ಎರಡು ಖೋಲಿ, ಒಂದು ಅಡಗಿಮನಿ,
ನೀರು ದಿನಬಿಟ್ಟು ದಿನ,
ಮೂರು ಮಂದಿ ಹೆಣ್ಮಕ್ಕಳು, ಹನ್ನೊಂದು ತಿಂಗಳು.
ಆಕಿ ಬೆರಳು ಮಡಚಿ ಎಣಿಸಿದಳು.
ಹತ್ತು ಮುಗದ ಮ್ಯಾಲ ನನ್ನದೊಂದು ಬೆರಳು ಕಡಾ ತಗೊಂಡಳು.
ಆಮ್ಯಾಲ ನನ್ನ ಎರಡನೇ ಬೆರಳು ಹಿಡದು, ಮಡಚದ, ಕೇಳಿದಳು:
"ಹನ್ನೆರಡನೇ ತಿಂಗಳು ಎಲ್ಲಿ ಮಲಗ್ಲಿ?"

ಈ ಕೆಲಸಕ್ಕ ಬಂದು ನನಗ ಆರು ವರ್ಷ.
ಟ್ರೇನಿಂಗಿನಾಗ ಯಾರೂ ಇದನ್ನ ಕೇಳಿರಲಿಲ್ಲ.
ಕಾಗದ ಹಂಗ ಬರೀತಾರವ್ವ, ಅಂದೆ, ಮನಿ ಕಾಯಂ ನಿಂದ.
"ಮತ್ತ ಹಂಗ ಯಾಕ ಬರೀಲಿಲ್ಲ?"
ಮಾಲಕ ಗೌಸುದ್ದೀನ್ ಸಾಹೇಬರು ಕನ್ನಡಕ ಒರಸಿಕೊಂಡ್ರು.
ಏಳು ಮನಿಯವರು ಇಲ್ಲ ಅಂದ ಮ್ಯಾಲ
ಹೂಂ ಅಂದವರು ಇವರು.
ಪುಕ್ಕಟ ಅಲ್ಲ, ಮುಂಗಡ ಎರಡು ತಿಂಗಳಿಂದು ಹೆಚ್ಚಿಗಿ.

ಒಂಬತ್ತು ವರ್ಷ ಆಕಿ ಸ್ಟೇಷನ್ನಿನಾಗ ಇದ್ದಳು,
ಪ್ಲಾಟ್‌ಫಾರ್ಮಿನ ತುದಿಗೆ, ನಳದ ಬಾಜೂಕ.
ಸೊಲ್ಲಾಪುರದ ಗಾಡಿ ಬಂದ್ರ ಏಳಬೇಕು,
ಲಾಠಿ ಬಂದ್ರ ಏಳಬೇಕು,
ಕಿವಿಯೊಳಗ ಆ ಗಂಡಸರ ದನಿ ಬಂದ್ರ
ಎದ್ದು ಹಳಿಗುಂಟ ನಡೀಬೇಕು, ವಾಡಿ ತನಕ.
ನಿದ್ದಿ ಅಂದ್ರ ಆಕಿಗೆ
ಎರಡು ಏಳೋದರ ನಡುವಿನ ಚೂರು.

ಆಸ್ಪತ್ರಿ ಎರಡು ಸಲ ಆರಾಮ ಮಾಡಿತ್ತು.
ಎರಡೂ ಸಲ ಬಿಡುಗಡಿ ಚೀಟಿಯಾಗ
ವಿಳಾಸ ಅಂತ ಇದ್ದಲ್ಲಿ ಒಂದು ಗೆರಿ ಎಳದಿದ್ರು.
ಆ ಗೆರಿ ಹಿಡಕೊಂಡೇ
ಆಕಿ ತಿರುಗಿ ನಳದ ಬಾಜೂಕ ಬಂದಳು.

ಹೊಸ ಮನಿಯಾಗ ಮೊದಲ ಇಪ್ಪತ್ತು ದಿನ ಹಾಸಿಗಿ ಮುಟ್ಟಲಿಲ್ಲ.
ಹೊಸ್ತಿಲ ಮ್ಯಾಲ ತಲಿ, ಓಣಿ ಕಡಿ ಕಾಲು,
ಚಪ್ಪಲಿ ದಿಂಬು.
ಒಳಗ ಶಹಾಬಾದಿ ಫರ್ಸಿ ಮೇ ತಿಂಗಳದಾಗೂ ತಣ್ಣಗಿತ್ತು,
ಆಕಿಗೆ ಅದು ಯಾರದೋ ಅನಿಸಿರಬೇಕು.
ಜೈಬುನ್ನಿಸಾ ಬೈಕೋತ ದಾಟಿ ಹೋಗ್ತಿದ್ದಳು:
"ಇದೇನ ಹಾದಿಗೆ ಅಡ್ಡ ಮಲಗೋದು, ಎಮ್ಮಿ ಹಂಗ?"
ಘಮ್ಲಿಬಾಯಿ ಒಂದು ರಾತ್ರಿ ಏನೂ ಅನ್ನದ ಚಾದರ ಹೊದಿಸಿದಳು.
ಆಕಿ ಯಾವತ್ತೂ ಏನೂ ಅನ್ನೋದಿಲ್ಲ.
ಎದುರು ಮನಿಯವರು ಕಿಟಕಿಗೆ ಪರದೆ ಹಾಕಿದ್ರು.
ಅದು ಇನ್ನೂ ಅದ.

ಯಾವತ್ತು ಒಳಗ ಸರದಳೋ ನನಗ ಗೊತ್ತಿಲ್ಲ.
ಗೊತ್ತಾಗಿದ್ದು ಒಂದು ಸೋಮವಾರ.
ಗುಳಿಗಿ ಡಬ್ಬಿ ಹಿಡದು ದಿನದ ಹಂಗ
ಬಾಗಿಲ ನೂಕಿ ಒಳಗ ಹೋದೆ.
ರಾಚಮ್ಮ ಎದ್ದು ನಿಂತಳು.
"ಹೊರಗ ನಡಿ. ಬಾಗಿಲ ಬಡದು ಬಾ."

ಹೊರಗ ಬಂದೆ. ಬಡದೆ.
ಬಿಸಲು ನೆತ್ತಿ ಸುಡ್ತಿತ್ತು, ಪರದೆ ಒಂದಿಷ್ಟು ಸರೀತು.
"ಯಾರು?"
ಹೆಸರು ಹೇಳಿದೆ.
"ಏನ್ ಕೆಲಸ?"
ಗುಳಿಗಿ ತಂದೀನಿ.
"ನಿಲ್ಲು. ತಲಿ ಬಾಚಿಕೋತೀನಿ."
ನಿಂತೆ. ಆರು ವರ್ಷದಾಗ ಎಷ್ಟು ಬಾಗಿಲ ನೂಕೀನಿ ಅಂತ
ಎಣಿಸಲಿಕ್ಕೆ ಹೋಗಿ
ಬೆರಳು ಸಾಲಲಿಲ್ಲ.

ದನಿ ಹೋಗ್ಯಾವೇನು, ಡಾಕ್ಟರು ಕೇಳ್ತಾರ.
"ಇಲ್ರಿ, ಬರ್ತಾವ. ಅವಕ್ಕ ಬಡದು ಬರೋದು ಗೊತ್ತಿಲ್ಲ.
ಬಾಡಿಗಿ ಕೊಡ್ರಿ ಅಂತೀನಿ.
ಸ್ವಲ್ಪ ಹೊತ್ತು ಸುಮ್ಮನಿರ್ತಾವ."
ಡಾಕ್ಟರು ಬರಕೊಂಡ್ರು. ಏನ್ ಬರಕೊಂಡ್ರೋ.

ಹನ್ನೆರಡನೇ ತಿಂಗಳು ಬಂತು.
ಹೊಸ ಕಾಗದ ತಗೊಂಡು ಹೋದ್ರ
ಹೊಸ್ತಿಲ ಮ್ಯಾಲ ಗಂಟು, ಗಂಟಿನ ಮ್ಯಾಲ ರಾಚಮ್ಮ.
ತವಾ, ಎರಡು ಸೀರಿ, ಗುಳಿಗಿ ಡಬ್ಬಿ, ಎಲ್ಲಾ ಕಟ್ಟಿದ್ದಳು.
ನಸಕಿನಾಗಿಂದ ಕುಂತಾಳ, ಅಂದಳು ಜೈಬುನ್ನಿಸಾ,
ನೀರು ಸುದ್ದಾ ಕುಡದಿಲ್ಲ.

ಮತ್ತ ಹನ್ನೊಂದು ಬರದೀವವ್ವ.
"ಆಮ್ಯಾಲ?"
ಆಮ್ಯಾಲ ಮತ್ತ ಹನ್ನೊಂದು.
"ನೀ ಸತ್ರ?"
ನನ್ನಲ್ಲಿ ಉತ್ತರ ಇದ್ದಿಲ್ಲ.
ಕಾಗದದಾಗ ನನ್ನ ಹೆಸರಿಲ್ಲ, ನಿಂದ ಅದ, ಅಂದೆ.
ಬೆರಳಿಟ್ಟು ತೋರಿಸಿದೆ. ಓದಲಿಕ್ಕೆ ಬರೋದಿಲ್ಲ,
ಆದರೂ ಬಾಳ ಹೊತ್ತು ನೋಡಿದಳು.

ಹೆಬ್ಬಟ್ಟು ಒತ್ತಿದಳು. ಮಸಿ ಗ್ವಾಡಿಗೆ ಒರಸಿದಳು.
ಗಂಟು ಮಾತ್ರ ಬಿಚ್ಚಲಿಲ್ಲ,
ಹಂಗ ಎತ್ತಿ ಮಂಚದ ಕೆಳಗ ನೂಕಿದಳು.

ನಾ ಓಣಿಯಾಗ ಚಪ್ಪಲಿ ಮೆಟ್ಟೋದ್ರಾಗ
ಒಳಗಿಂದ ಚಿಲಕ ಬಿತ್ತು.